ಅಡ್ಡ ಮಲಗಿದ ಫೋಟೋಗಳು

ನಿನ್ನೆ ರಾತ್ರಿಯೆಲ್ಲ ಥಂಬ್‌ನೇಲ್ (ಫೋಟೋದ ಪುಟ್ಟ ಪ್ರತಿ) ಮಾಡುವ ಸಾಫ್ಟ್‌ವೇರ್ ಜೊತೆ ಜಗಳ. 340 ಫೋಟೋ ಕೊಟ್ಟೆ. ಸಣ್ಣವು ಬಂದವು, ದೊಡ್ಡವುಗಳ ಜಾಗದಲ್ಲಿ ಖಾಲಿ ಚೌಕ. ಎರರ್ ಮೆಸೇಜ್ ಕೂಡ ಇಲ್ಲ. ಫೋಲ್ಡರ್ ಪರ್ಮಿಷನ್ ನೋಡಿದೆ, ಕ್ಯಾಶ್ ಅಳಿಸಿದೆ, ಊಹೂಂ. ಕೊನೆಗೆ ಲಾಗ್ (ಸಾಫ್ಟ್‌ವೇರ್ ತಾನು ಮಾಡಿದ್ದನ್ನು ಬರೆದಿಡುವ ಫೈಲ್) ತೆರೆದರೆ, ಮೆಮೊರಿ ಸಾಲದು ಅಂತ ಅಲ್ಲೇ ಬರೆದಿತ್ತು! (ಮೊದಲೇ ನೋಡಬೇಕಿತ್ತು, ಗೊತ್ತು.)

ಡಿಸ್ಕ್‌ನಲ್ಲಿ 8 ಎಂಬಿ ಇರುವ ಜೆಪೆಗ್, 6000 × 4000 ಪಿಕ್ಸೆಲ್‌ನದ್ದಾದರೆ, ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 72 ಎಂಬಿ ಆಗುತ್ತದೆ. ಪಿಕ್ಸೆಲ್‌ಗೆ 3 ಬೈಟ್, ಲೆಕ್ಕ ಹಾಕಿ ನೋಡಿ.

ಸಾಫ್ಟ್‌ವೇರ್‌ನ ಮೆಮೊರಿ ಮಿತಿ ಏರಿಸಿದೆ. ಎಲ್ಲ ಬಂದವು, ಆದರೆ ಉದ್ದುದ್ದ ತೆಗೆದ ಫೋಟೋಗಳೆಲ್ಲ ಅಡ್ಡ ಮಲಗಿದ್ದವು. ಕ್ಯಾಮೆರಾ ಆ ಚಿತ್ರಗಳನ್ನು ತಿರುಗಿಸಿಯೇ ಇರಲಿಲ್ಲ. ‘ಹೀಗೆ ತಿರುಗಿಸಿ ತೋರಿಸು’ ಅಂತ ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗೇ ಇರುವ ಮಾಹಿತಿ ಚೀಟಿ) 1ರಿಂದ 8ರೊಳಗಿನ ಒಂದು ಅಂಕಿ ಬರೆದಿಟ್ಟಿತ್ತು, ಅಷ್ಟೇ. ನನ್ನವಕ್ಕೆ 6. ಚಿಕ್ಕದು ಮಾಡುವಾಗ ಆ ಚೀಟಿ ಎಲ್ಲೋ ಬಿದ್ದುಹೋಗಿದೆ.

ಇಷ್ಟು ವರ್ಷ ನೆಟ್ಟಗೆ ನೋಡುತ್ತಿದ್ದ ಫೋಟೋ ಫೈಲಿನೊಳಗೆ ಅಡ್ಡವಾಗೇ ಇತ್ತು ಅಂದ್ರೆ ವಿಚಿತ್ರ ಅಲ್ವಾ? ಮೊದಲು ತಿರುಗಿಸಿ, ಆಮೇಲೆ ಚಿಕ್ಕದು ಮಾಡು ಅಂತ ಹೇಳಿ ಮತ್ತೆ ಓಡಿಸಿದ್ದೇನೆ. ಈಗ 212ನೇ ಫೋಟೋ.