ಕೋಟಿಂಗಾ, ಫಿಲ್ಮಾ? ನಾನು ಎರಡು ಸಲ ದುಡ್ಡು ಕೊಟ್ಟ ಕಥೆ

ಪಡುಬಿದ್ರಿ ದಾಟಿ ಸ್ವಲ್ಪ ಮುಂದೆ ಬಂದಿದ್ದೆ. ಎದುರಿಗೆ ಜಲ್ಲಿ ತುಂಬಿದ ಟಿಪ್ಪರ್. ಮೇಲೆ ಟಾರ್ಪಾಲು ಇತ್ತು, ಆದರೆ ಶಾಸ್ತ್ರಕ್ಕೆ, ಅರ್ಧ ಗಾಳಿಗೆ ಹಾರಾಡುತ್ತಿತ್ತು. ಓವರ್‌ಟೇಕ್ ಮಾಡೋಣ ಅಂತ ಹತ್ತಿರ ಹೋದದ್ದೇ ತಡ, ಟಕ್ ಅಂತ ಒಂದು ಸದ್ದು. ಮನೆಗೆ ಬಂದು ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಬಾನೆಟ್ ಮೇಲೆ ಎಳ್ಳಿನಷ್ಟು ಬಿಳಿ ಚುಕ್ಕೆ. ಉಗುರು ತಾಗಿಸಿದರೆ ಗುಳಿ ಗೊತ್ತಾಗುತ್ತಿತ್ತು. ಕಾರಿಗೆ ಆಗ ಎಂಟು ತಿಂಗಳು. 22 ಸಾವಿರ ಕೊಟ್ಟು ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣ ಕಾಯಲು ಮೇಲೆ ಬಳಿಯುವ ಪಾರದರ್ಶಕ ಲೇಪ, ಮಾಡಿಸಿ ಏಳು ತಿಂಗಳು.

ಮಾರನೇ ದಿನವೇ ಕೋಟಿಂಗ್ ಮಾಡಿದ ಅಂಗಡಿಗೆ ಹೋದೆ. "9ಎಚ್ ಗಟ್ಟಿ ಅಂತ ಹೇಳಿದ್ರಲ್ಲ ಮಾರಾಯ್ರೆ, ಇದೆಂತದು?" ಅಂತ ಕೇಳಿದೆ. "ಸರ್, ಕಲ್ಲು ಬಡಿದದ್ದಕ್ಕೆ ವಾರಂಟಿ ಇಲ್ಲ" ಅಂದರು. ಪೇಪರ್ ತೆಗೆದು ನೋಡಿದರೆ ಹೌದು, ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು. ಓದದೆ ಸಹಿ ಹಾಕಿದವನು ನಾನು. ಜಗಳ ಮಾಡಲು ಬಾಯಿಯೇ ಬರಲಿಲ್ಲ.

ಈ 9ಎಚ್ ವಿಷಯ ಆಮೇಲೆ ತಿಳಿದುಕೊಂಡೆ. ಅದು ಪೆನ್ಸಿಲ್ ಲೆಕ್ಕ. ಮಕ್ಕಳ ಪೆನ್ಸಿಲ್ ಮೇಲೆ ಎಚ್‌ಬಿ ಅಂತ ಇರುತ್ತಲ್ಲ, ಅದೇ ಸಾಲಿನಲ್ಲಿ ಅತ್ತ ತುದಿಯ ಗಟ್ಟಿ ಪೆನ್ಸಿಲ್ 9ಎಚ್. ಅದನ್ನು ಒತ್ತಿ ಎಳೆದರೂ ಗೀರು ಬೀಳಬಾರದು, ಅಷ್ಟೇ ಪರೀಕ್ಷೆ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಅಂತ ಬೇರೆ ಲೆಕ್ಕ ಉಂಟು. ಅದರಲ್ಲಿ ವಜ್ರ 10, ಮಾಣಿಕ್ಯ, ನೀಲಮಣಿ 9. ಅಂಗಡಿಯಲ್ಲಿ 'ವಜ್ರಕ್ಕಿಂತ ಒಂದೇ ಕಡಿಮೆ' ಅನ್ನುವ ಧಾಟಿಯಲ್ಲಿ ಮಾತಾಡಿದರೆ ಅಲ್ಲೇ ಎದ್ದು ಬನ್ನಿ. ಪೆನ್ಸಿಲ್‌ಗೆ ಗೆದ್ದದ್ದು 80 ಕಿಲೋಮೀಟರ್ ವೇಗದಲ್ಲಿ ಬಡಿಯುವ ಜಲ್ಲಿಗೆ ಗೆಲ್ಲಬೇಕು ಅಂತ ಎಲ್ಲಿದೆ?

ದಪ್ಪ ನೋಡಿದರೆ ಇನ್ನೂ ಸ್ಪಷ್ಟ ಆಗುತ್ತದೆ. ಕಾರಿನ ತಗಡಿನ ಮೇಲಿರುವ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರ ಅಂದರೆ ಕ್ಲಿಯರ್ ಕೋಟ್ ಎಲ್ಲ ಸೇರಿದರೂ ಸುಮಾರು 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರಲ್ಲಿ ಕ್ಲಿಯರ್ ಕೋಟ್ ಪಾಲು 40-50. ಕೋಟಿಂಗ್ ಇದರ ಮೇಲೆ ಒಂದೋ ಎರಡೋ ಮೈಕ್ರಾನ್. ನಮ್ಮ ತಲೆಕೂದಲೇ 70 ಮೈಕ್ರಾನ್ ಆಸುಪಾಸು ಇರುತ್ತದೆ. ಫಿಲ್ಮ್, ಅಂದರೆ ಎಲ್ಲರೂ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅನ್ನುವ, ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ, 150ರಿಂದ 200 ಮೈಕ್ರಾನ್. ಕಾರಿನ ಇಡೀ ಬಣ್ಣಕ್ಕಿಂತ ದಪ್ಪ! ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳು ಮರಳು, ಚೂರುಗಳಿಗೆ ಸವೆಯಬಾರದು ಅಂತ ಅಂಟಿಸುತ್ತಿದ್ದ ಫಿಲ್ಮ್‌ನ ವಂಶವೇ ಇದು.

ಹಾಗಾದರೆ ಕೋಟಿಂಗ್ ಸುಮ್ನೆ ದಂಡವಾ? ಇಲ್ಲ. ಕೆಸುವಿನ ಎಲೆ ಮೇಲೆ ನೀರು ಹಾಕಿದರೆ ಹೇಗೆ ಮುತ್ತಾಗಿ ಉರುಳಿ ಹೋಗುತ್ತದೆ, ಕೋಟಿಂಗ್ ಮಾಡುವುದು ಅದೇ ಕೆಲಸ. ನಮ್ಮಲ್ಲಿ ಮಳೆಗಾಲದಲ್ಲಿ ರಸ್ತೆಯಿಂದ ಏಳುವ ಕೆಂಪು ಮಣ್ಣಿನ ಕೆಸರು ಬಾಗಿಲ ತನಕ ಬರುತ್ತದೆ ಅಲ್ವಾ. ಅದು ಗಟ್ಟಿ ಅಂಟಿಕೊಳ್ಳುವುದಿಲ್ಲ. ಪೈಪ್ ಹಿಡಿದರೆ ಮುಕ್ಕಾಲು ಭಾಗ ತಾನಾಗಿ ಇಳಿದು ಹೋಗುತ್ತದೆ. ಉಜ್ಜುವುದು ಕಡಿಮೆ ಆದರೆ ಬಿಸಿಲಲ್ಲಿ ಕಾಣುವ ಜೇಡರ ಬಲೆಯಂಥ ಗೀರುಗಳೂ ಕಡಿಮೆ. ಮೀನಿನ ಲಾರಿಯ ಹಿಂದೆ ಸಿಕ್ಕಿಬಿದ್ದು ಆ ನೀರು ಬಾನೆಟ್ ಮೇಲೆ ಬಿದ್ದ ದಿನ ನಾನು ಕೋಟಿಂಗ್‌ಗೆ ಮನಸಾರೆ ಥ್ಯಾಂಕ್ಸ್ ಹೇಳಿದ್ದೇನೆ. ವಾಸನೆಗೆ ಮಾತ್ರ ಯಾವ ಕಂಪನಿಯ ಕೋಟಿಂಗೂ ಇಲ್ಲ.

ಆದರೆ ಬಾವಲಿ ಇದೆಯಲ್ಲ, ಅದರ ಹತ್ತಿರ ಕೋಟಿಂಗ್ ಆಟ ಜಾಸ್ತಿ ನಡೆಯುವುದಿಲ್ಲ. ನಮ್ಮ ಮನೆ ಕಟಪಾಡಿ ಹತ್ತಿರ, ಅಂಗಳದಲ್ಲಿ ಒಂದು ಬಾದಾಮಿ ಮರ. ಹಣ್ಣಾಗುವ ಕಾಲಕ್ಕೆ ರಾತ್ರಿಯಿಡೀ ಬಾವಲಿ ಸಂತೆ. ಒಂದು ಸಲ ಮದುವೆಗೆ ಅಂತ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿ ಮೂರು ದಿನ ಬಿಟ್ಟು ಬಂದೆ. ರೂಫ್ ಮೇಲೆ ಕಾಫಿ ಬಣ್ಣದ ಕಲೆ ಒಣಗಿ ಕೂತಿತ್ತು. ತೊಳೆದರೆ ಕಲೆ ಹೋಯಿತು, ಅದರ ಗುರುತು ಹೋಗಲಿಲ್ಲ. ಆಮ್ಲ ಇರುವ ಹಿಕ್ಕೆ ಬಿಸಿಲಲ್ಲಿ ಕಾದರೆ ಕೋಟಿಂಗ್ ದಾಟಿ ಕ್ಲಿಯರ್ ಕೋಟನ್ನೇ ತಿನ್ನುತ್ತದೆ. ಕೋಟಿಂಗ್ ಕೊಡುವುದು ಸ್ವಲ್ಪ ಸಮಯ, ಅಷ್ಟೇ. ಆ ಸಮಯದೊಳಗೆ ನೀವು ಒರೆಸಬೇಕು.

ಸರಿ, ಫಿಲ್ಮ್ ನೋಡೋಣ ಅಂತ ಮಂಗಳೂರಲ್ಲಿ ಮೂರು ಕಡೆ, ಉಡುಪಿಯಲ್ಲಿ ಎರಡು ಕಡೆ ಕೇಳಿದೆ. ಇಡೀ ಕಾರಿಗೆ ಒಬ್ಬರು 45 ಸಾವಿರ ಅಂದರು, ಇನ್ನೊಬ್ಬರು 95 ಸಾವಿರ, ಮತ್ತೊಬ್ಬರು ಒಂದೂಕಾಲು ಲಕ್ಷ. ಹೆಸರು ಎಲ್ಲದಕ್ಕೂ ಪಿಪಿಎಫ್ಫೇ. ವ್ಯತ್ಯಾಸ ಇರುವುದು ಫಿಲ್ಮ್ ಯಾವುದರಿಂದ ಮಾಡಿದ್ದು ಅನ್ನುವುದರಲ್ಲಿ. ಒಳ್ಳೆಯದು ಟಿಪಿಯು ಅನ್ನುವ ಪ್ಲಾಸ್ಟಿಕ್, ರಬ್ಬರಿನ ಹಾಗೆ ಎಳೆದರೆ ಹಿಗ್ಗಿ ವಾಪಸ್ ಬರುತ್ತದೆ. ಅಗ್ಗದ್ದು ಪಿವಿಸಿ. ನಮ್ಮ ಬಿಸಿಲಿಗೆ ಅದು ಬೇಗ ಹಳದಿಯಾಗುತ್ತದೆ, ಆಮೇಲೆ ಸೆಡೆತು ತೆಗೆಯುವಾಗ ಚೂರು ಚೂರಾಗಿ ಬರುತ್ತದೆ. ಭಾವನ ಬಿಳಿ ಕಾರಿಗೆ ಹೀಗೇ ಆಗಿ, ಎರಡು ವರ್ಷಕ್ಕೆ ಹಳೇ ಪ್ಲಾಸ್ಟಿಕ್ ಕುರ್ಚಿ ಬಣ್ಣಕ್ಕೆ ಬಂದಿತ್ತು. "ಎಂತ ಭಾವ, ಬಣ್ಣ ಬದಲಾಯಿಸಿದ್ದಾ?" ಅಂತ ಕೇಳಿ ಬೈಸಿಕೊಂಡಿದ್ದೆ.

ನಾನು ಮಾಡಿದ ಒಂದು ಬುದ್ಧಿವಂತಿಕೆ ಅಂದರೆ ಎರಡು ಅಂಗಡಿಗಳಿಂದ ಅಂಗೈ ಅಗಲದ ತುಂಡು ಕೇಳಿ ತಂದದ್ದು. ಎರಡನ್ನೂ ಹಳೇ ಸ್ಟೀಲ್ ಬಟ್ಟಲಿಗೆ ಅಂಟಿಸಿದೆ. ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿದೆ. ಆಮೇಲೆ ಬಚ್ಚಲಿಗೆ ಹೋಗಿ ಹಂಡೆಯಿಂದ ಒಂದು ಚೆಂಬು ಬಿಸಿನೀರು ತೆಗೆದು ನಿಧಾನ ಹೊಯ್ದೆ. ಟಿಪಿಯು ಮೇಲಿನ ಗೀರುಗಳು ನೋಡ್ತಾ ನೋಡ್ತಾ ಮಾಯ. ಮಗಳು "ಇನ್ನೊಂದ್ಸಲ ಪಪ್ಪಾ" ಅಂತ ನಾಲ್ಕು ಸಲ ಮಾಡಿಸಿದಳು. ಇನ್ನೊಂದು ತುಂಡಿನ ಗೀರು ಇದ್ದ ಹಾಗೇ ಇತ್ತು. ಸೆಲ್ಫ್ ಹೀಲಿಂಗ್ ಅನ್ನುವುದು ಇದನ್ನೇ. ಫಿಲ್ಮ್‌ನ ಮೇಲ್ಪದರ ಬಿಸಿಗೆ ಮೆತ್ತಗಾಗಿ ಗೀರು ಕೂಡಿಕೊಳ್ಳುತ್ತದೆ. ಬ್ಲೇಡ್ ಹಾಕಿ ಕೊಯ್ದದ್ದು ಕೂಡಲಿಲ್ಲ, ಅದನ್ನೂ ಮಾಡಿ ನೋಡಿದೆ.

ಇಡೀ ಕಾರಿಗೆ ಹಾಕಿಸುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ, ಇದ್ದಿದ್ದರೂ ಹಾಕಿಸುತ್ತಿರಲಿಲ್ಲ ಅನ್ನಿಸುತ್ತದೆ. ಕಲ್ಲು ಬಡಿಯುವುದು ಎಲ್ಲಿಗೆ? ಮುಂದಕ್ಕೆ. ಬಾನೆಟ್, ಬಂಪರ್, ಎರಡು ಮಿರರ್, ಮುಂದಿನ ಗಾಜಿನ ಪಕ್ಕದ ಕಂಬಗಳು, ರೂಫ್‌ನ ಮುಂದಿನ ಅಂಚು. ಜೊತೆಗೆ ಉಂಗುರದ ಕೈ ತಾಗುವ ಬಾಗಿಲ ಹಿಡಿಯ ಹಿಂದಿನ ತಗ್ಗು. ಇವಿಷ್ಟಕ್ಕೆ ಒಳ್ಳೆಯ ಟಿಪಿಯು 38 ಸಾವಿರ ಆಯಿತು. ಇದರಲ್ಲೂ ದುಡ್ಡು ಕಡಿಮೆ ಬಿದ್ದರೆ ಬಂಪರ್ ಬಿಟ್ಟು ಬಾನೆಟ್ ಉಳಿಸಿಕೊಳ್ಳಿ. ಬಂಪರ್ ಪ್ಲಾಸ್ಟಿಕ್, ಚುಕ್ಕೆ ಎದ್ದರೂ ತುಕ್ಕು ಹಿಡಿಯುವುದಿಲ್ಲ. ಬಾನೆಟ್ ತಗಡು. ನಮ್ಮ ಉಪ್ಪು ಗಾಳಿಗೆ, ಅದೂ ಮರವಂತೆಯ ಹಾಗೆ ರಸ್ತೆಗೆ ತಾಗಿಯೇ ಸಮುದ್ರ ಇರುವಲ್ಲಿ ದಿನಾ ಓಡಾಡುವವರಿಗೆ, ಬಣ್ಣ ಎದ್ದ ಚುಕ್ಕೆ ಕಂದು ಬಣ್ಣಕ್ಕೆ ತಿರುಗಲು ಜಾಸ್ತಿ ದಿನ ಬೇಡ.

ಭಾವ ಕೇಳಿದ್ದು ನ್ಯಾಯವಾದ ಪ್ರಶ್ನೆ: "38 ಸಾವಿರ ಕೊಡುವ ಬದಲು ಐದು ವರ್ಷ ಬಿಟ್ಟು ಬಾನೆಟ್ಟಿಗೆ ಪೇಂಟ್ ಹೊಡೆಸಿದ್ರೆ ಆಗುದಿಲ್ವಾ?" ಲೆಕ್ಕದಲ್ಲಿ ಅವನೇ ಸರಿ. ಬಾನೆಟ್ ಪೇಂಟಿಗೆ ಅದರ ಕಾಲು ಭಾಗವೂ ಬೇಡ. ಆದರೆ ಕಾರ್ಖಾನೆಯಲ್ಲಿ ಬರೀ ತಗಡಿನ ಮೈಯನ್ನು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿ ಬಣ್ಣ ಕೂರಿಸುತ್ತಾರೆ. ಹೊರಗಿನ ಗ್ಯಾರೇಜಿನಲ್ಲಿ ವಯರು, ಪ್ಲಾಸ್ಟಿಕ್ಕು ಎಲ್ಲ ಇರುವ ಕಾರನ್ನು 60 ಡಿಗ್ರಿ ದಾಟಿಸುವುದು ಕಷ್ಟ. ಆ ಬಣ್ಣ ಬೇರೆ, ಈ ಬಣ್ಣ ಬೇರೆ. ಗಾಢ ನೀಲಿ ಮೆಟಾಲಿಕ್ ಬೇರೆ ನನ್ನದು, ಹೊಂದಿಸುವುದು ದೊಡ್ಡ ತಲೆನೋವು. ನನಗೆ ಅದಕ್ಕೆ ಬೆಲೆ ಉಂಟು. ಅವನಿಗೆ ಇಲ್ಲ. ಇಬ್ಬರೂ ಸರಿ.

ಇನ್ನು ನಾನು ಮಾಡಿದ ಪೆದ್ದ ಕೆಲಸ. ಫಿಲ್ಮ್ ಅಂಟಬೇಕಾದರೆ ಬಣ್ಣದ ಮೇಲೆ ಜಾರುವಂಥದ್ದು ಏನೂ ಇರಬಾರದು. ಕೋಟಿಂಗ್ ಇರುವುದೇ ಏನೂ ಅಂಟದಿರಲು! ಹಾಗಾಗಿ ಮುಂದಿನ ಭಾಗದಲ್ಲಿ ನಾನು ದುಡ್ಡು ಕೊಟ್ಟು ಹಾಕಿಸಿದ ಕೋಟಿಂಗನ್ನು, ಮತ್ತೆ ದುಡ್ಡು ಕೊಟ್ಟು, ಮೆಷಿನ್ ಇಟ್ಟು ತೆಗೆಸಬೇಕಾಯಿತು. ಮೊದಲು ಫಿಲ್ಮ್, ಆಮೇಲೆ ಉಳಿದ ಕಡೆಗೂ, ಬೇಕಾದರೆ ಫಿಲ್ಮ್ ಮೇಲೂ, ಕೋಟಿಂಗ್. ಈ ಒಂದು ಮಾತು ಡೆಲಿವರಿ ದಿನ ಯಾರಾದರೂ ಹೇಳಿದ್ದರೆ ಸಾಕಿತ್ತು. ಅವತ್ತು ಎಲ್ಲರಿಗೂ ಕೋಟಿಂಗ್ ಪ್ಯಾಕೇಜಿಗೆ ಸಹಿ ಹಾಕಿಸುವ ಅವಸರ, ನನಗೆ ಕೀ ತಗೊಳ್ಳುವ ಅವಸರ.

ಫಿಲ್ಮ್ ಹಾಕುವ ದಿನ ನಾನು ಅಲ್ಲೇ ಸ್ಟೂಲ್ ಹಾಕಿ ಕೂತೆ. ಕೂರಲು ಬಿಡದ ಅಂಗಡಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹುಡುಗ ಬಾನೆಟ್ಟಿಗೆ ಶಾಂಪೂ ನೀರು ಚಿಮುಕಿಸಿ, ಫಿಲ್ಮನ್ನು ಒದ್ದೆ ಲುಂಗಿ ಹಾಸಿದ ಹಾಗೆ ಹಾಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳುತ್ತಾ ಹೋದ. ಅರ್ಧಕ್ಕೆ ನಿಲ್ಲಿಸಿ, ಕಣ್ಣು ಕಿರಿದು ಮಾಡಿ, ಬಗ್ಗಿ ನೋಡಿದ. ನನಗೇನೂ ಕಾಣಲಿಲ್ಲ. ಅವನು ಆ ಮೂಲೆ ಎತ್ತಿ, ಬೆರಳ ತುದಿಯಿಂದ ಒಂದು ಧೂಳಿನ ಕಣ ತೆಗೆದು ನನಗೆ ತೋರಿಸಿ, ಮತ್ತೆ ನೀರು ಹೊಡೆದ. ಅಂಚುಗಳನ್ನು ಬಿಸಿಗಾಳಿ ಗನ್ನಿನಿಂದ ಕಾಯಿಸಿ ಒಳಗೆ ಮಡಚಿದ. ಕಾರಿನ ಮೇಲೇ ಬ್ಲೇಡ್ ಆಡಿಸಲಿಲ್ಲ, ಮಾಡೆಲ್ ಪ್ರಕಾರ ಕಂಪ್ಯೂಟರಿನಲ್ಲಿ ಮೊದಲೇ ಕತ್ತರಿಸಿದ ತುಂಡುಗಳು ಅವು. ಇದು ಕೇಳಿಯೇ ಕಾರು ಕೊಡಿ, ಯಾಕೆಂದರೆ ಬಣ್ಣದ ಮೇಲೆ ಬ್ಲೇಡ್ ಎಳೆದ ಗೆರೆ ಫಿಲ್ಮ್ ತೆಗೆದ ದಿನವೇ ಕಾಣುವುದು.

ಮಳೆಗಾಲದಲ್ಲಿ ಕೋಟಿಂಗ್ ಮಾಡಿಸುವುದಾದರೆ ಮುಚ್ಚಿದ, ಎಸಿ ಇರುವ ರೂಮ್ ಉಂಟಾ ನೋಡಿ. ನಮ್ಮ ಜುಲೈನ ಥಂಡಿಯಲ್ಲಿ ಕೋಟಿಂಗ್ ಎಲ್ಲ ಕಡೆ ಒಂದೇ ಸಮನಾಗಿ ಒಣಗದೆ ಪಟ್ಟೆ ಪಟ್ಟೆ ಉಳಿಯುತ್ತದೆ. ಹಾಕಿದ ಮೇಲೆ ಒಂದು ದಿನವಾದರೂ ನೀರು ತಾಗಬಾರದು, ಒಂದು ವಾರ ಶಾಂಪೂ ಬೇಡ. ಶೀಟು ಹೊದಿಸಿದ ಶೆಡ್ಡಿನಲ್ಲಿ ಮಾಡಿ, ಸಂಜೆ ಜಡಿಮಳೆಯಲ್ಲಿ ಕಾರು ಕೈಗೆ ಕೊಡುವವರಿಂದ ದೂರ ಇರಿ. ನಾನು ನವೆಂಬರ್‌ನಲ್ಲಿ ಮಾಡಿಸಿದೆ.

ಮತ್ತೊಂದು. ಕರಾವಳಿಯ ಕಾರು ಮೊದಲು ಹಾಳಾಗುವುದು ಅಡಿಯಿಂದ. ಕೋಟಿಂಗೂ ಫಿಲ್ಮೂ ಎರಡೂ ಅಲ್ಲಿಗೆ ಮುಟ್ಟುವುದಿಲ್ಲ. ಬೀಚ್ ಮರಳಿಗೆ ಕಾರು ಇಳಿಸಿ ಫೋಟೋ ತೆಗೆಯುವವರು ಮನೆಗೆ ಬಂದ ತಕ್ಷಣ ಅಡಿಗೆ ನೀರು ಹೊಡೆಯಿರಿ, ಫೋಟೋ ಆಮೇಲೆ ಹಾಕಬಹುದು.

ಈಗ ಫಿಲ್ಮ್ ಹಾಕಿಸಿ ಒಂದೂವರೆ ವರ್ಷ. ಹೆಜಮಾಡಿ ಟೋಲ್ ದಾಟಿದ ಮೇಲೆ ಮತ್ತೊಮ್ಮೆ ಟಕ್ ಅಂದಿತ್ತು. ಟಾರ್ಚ್ ಹಾಕಿ ನೋಡಿದರೆ ಫಿಲ್ಮ್ ಮೇಲೆ ಸಣ್ಣ ತಗ್ಗು, ಕೆಳಗೆ ಬಣ್ಣ ಹಾಗೇ ಇದೆ. ರೂಫ್ ಮೇಲಿನ ಬಾವಲಿ ಗುರುತು ಪಾಲಿಶ್‌ನಲ್ಲಿ ಅರ್ಧ ಹೋಯಿತು, ಅರ್ಧ ಉಳಿಯಿತು. ಬಾದಾಮಿ ಮರದ ಆ ಗೆಲ್ಲು ಕಡಿಸೋಣ ಅಂದರೆ ಅಮ್ಮ ಒಪ್ಪುತ್ತಿಲ್ಲ. "ಮರ ನಿನ್ನ ಕಾರಿಗಿಂತ ಮೊದಲು ಬಂದದ್ದು, ಕಾರನ್ನೇ ಆಚೆ ನಿಲ್ಲಿಸು" ಅಂದರು. ಆಚೆ ತೆಂಗಿನ ಮರ ಉಂಟು.