ಮುಧೋಳದ ಚುಕ್ಕಿಗೆ ಮನೆಪಾಠ

ನಮ್ಮ ಮನೆಯ ಚುಕ್ಕಿ ಮುಧೋಳ ತಳಿಯ ಹೆಣ್ಣುನಾಯಿ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದದ್ದನ್ನೂ 2016ರಲ್ಲಿ ಸೇನೆಯವರು ಮುಧೋಳದ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದದ್ದನ್ನೂ ಬಂದವರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ನಮಗೆ, ಅವಳನ್ನು ಬೆಳಗ್ಗೆ ಬೆಂಗಳೂರಿನ ನಮ್ಮ ಬೀದಿಯಲ್ಲಿ ನಡೆಸಿಕೊಂಡು ಹೋಗುವುದೇ ದೊಡ್ಡ ಪಾಡಾಗಿತ್ತು. ಬೇಕರಿಯ ಮುಂದೆ ಮಲಗಿರುವ ಬೀದಿನಾಯಿಗಳು ಕಣ್ಣಿಗೆ ಬಿದ್ದವೆಂದರೆ ಮುಂಗಾಲೆತ್ತಿ ಬೊಗಳುತ್ತ, ಹಿಡಿದವರ ಭುಜ ಕಳಚುವಂತೆ ಎಳೆಯುತ್ತಿದ್ದಳು. ಮೈದಾನವೊಂದರಲ್ಲಿ ನಡೆಯುತ್ತಿದ್ದ ಸಾಮೂಹಿಕ ತರಗತಿಗೂ ಕರೆದೊಯ್ದೆವು. ಅಲ್ಲಿ ಅವಳು ಹಸುವಿನಷ್ಟು ಸಾಧು. ತೊಂದರೆ ಇದ್ದದ್ದು ನಮ್ಮ ಬೀದಿಯಲ್ಲಿ. ಆದ್ದರಿಂದ ಮನೆಗೇ ಬಂದು ಕಲಿಸುವ ತರಬೇತುದಾರರೊಬ್ಬರನ್ನು ಗೊತ್ತುಮಾಡಿಕೊಂಡೆವು.

ಆ ಮೇಡಂ ಮೊದಲ ಶನಿವಾರ ಬಂದಾಗ ಚುಕ್ಕಿಯನ್ನು ಮುಟ್ಟಲೂ ಇಲ್ಲ. ಅವಳು ಏನು ತಿನ್ನುತ್ತಾಳೆ, ಎಲ್ಲಿ ಮಲಗುತ್ತಾಳೆ, ಗೇಟಿನ ಸಂದಿಯಿಂದ ಎಷ್ಟು ಹೊತ್ತು ಬೀದಿ ನೋಡುತ್ತಾಳೆ ಎಂದೆಲ್ಲ ನಮ್ಮತ್ತೆಯವರನ್ನು ವಿಚಾರಿಸಿದರು. "ಇಷ್ಟು ದುಡ್ಡು ಕೊಟ್ಟು ಕರೆಸಿದ್ದು ನನ್ನ ಹತ್ತಿರ ಮಾತಾಡೋಕಾ?" ಎಂದು ಅತ್ತೆ ಅಡುಗೆಮನೆಯಲ್ಲಿ ಗೊಣಗಿದರು. ಆದರೆ ಗೇಟಿಗೆ ಮೊಣಕಾಲೆತ್ತರದವರೆಗೆ ತಗಡು ಹೊಡೆಸಬೇಕೆಂಬ ಸಲಹೆ ಬಂದದ್ದು ಆ ಮಾತುಕತೆಯಿಂದಲೇ. ದಿನವಿಡೀ ಸಂದಿಯಿಂದ ಹಾದುಹೋಗುವ ನಾಯಿಗಳಿಗೆ ಬೊಗಳುವುದೂ ಒಂದು ಅಭ್ಯಾಸವಾಗಿ ಬಲಿಯುತ್ತದೆ ಎಂಬುದು ಅವರ ವಾದ.

ಎರಡನೆಯದಾಗಿ ಅವರು ಕತ್ತಿನ ಪಟ್ಟಿಯನ್ನು ಬದಲಿಸಿದರು. ಬೇಟೆಗೆಂದೇ ಬೆಳೆದುಬಂದ ಈ ತಳಿಯ ತಲೆ ನೀಳವಾಗಿ ಕಿರಿದಾಗಿರುವುದರಿಂದ, ಸಾಮಾನ್ಯ ಪಟ್ಟಿಯಾದರೆ ಹಿಂದಕ್ಕೆ ಜಗ್ಗಿದಾಗ ಸಲೀಸಾಗಿ ಕಳಚಿಕೊಳ್ಳುತ್ತದೆ. ಎಳೆದಾಗ ಸ್ವಲ್ಪ ಮಾತ್ರ ಬಿಗಿಯಾಗಿ, ಉಸಿರು ಕಟ್ಟದ ಹಾಗೆ ಒಂದು ಮಿತಿಯಲ್ಲಿ ನಿಲ್ಲುವ ಅಗಲವಾದ ಮಾರ್ಟಿಂಗೇಲ್ ಪಟ್ಟಿಯನ್ನು ಅವರೇ ಅಳತೆ ನೋಡಿ ಹಾಕಿದರು.

ನಿಜವಾದ ಪಾಠ ನಡೆದದ್ದು ಬೀದಿಯಲ್ಲಿ. ಬೇಕರಿಯಿಂದ ಬಹಳ ಹಿಂದೆಯೇ ನಮ್ಮನ್ನು ನಿಲ್ಲಿಸಿದರು. ಚುಕ್ಕಿಗೆ ಅಲ್ಲಿನ ನಾಯಿಗಳು ಕಾಣಬೇಕು, ಆದರೆ ಮೈ ಬಿಗಿಯಬಾರದು, ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ಳಬಾರದು, ಅಷ್ಟು ದೂರ. ಅವಳು ಆ ಕಡೆ ನೋಡಿದ ಕ್ಷಣವೇ ಬೇಯಿಸಿದ ಕೋಳಿಮಾಂಸದ, ಕಡಲೆಬೀಜದಷ್ಟು ಚಿಕ್ಕ ತುಣುಕೊಂದನ್ನು ಬಾಯಿಗಿಡಬೇಕು. ಬೀದಿನಾಯಿ ಕಂಡಿತೆಂದರೆ ಒಳ್ಳೆಯದೇನೋ ಸಿಗುತ್ತದೆ ಎಂಬ ನಂಟನ್ನು ಅವಳ ಮನಸ್ಸಿನಲ್ಲಿ ಹೊಸದಾಗಿ ಕಟ್ಟುವ ವಿಧಾನ ಇದು. ಇದರ ಬೇರು ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರು ನಾಯಿಗಳ ಜೊಲ್ಲಿನ ಮೇಲೆ ನಡೆಸಿದ ಪ್ರಯೋಗಗಳಲ್ಲಿದೆ. ಅವಳು ನಿರಾಳವಾಗಿದ್ದಾಳೆಂದು ಖಚಿತವಾದ ಮೇಲಷ್ಟೇ ಕೆಲವು ಹೆಜ್ಜೆ ಮುಂದಕ್ಕೆ ಹೋಗುವುದು, ಮೈ ಬಿಗಿದರೆ ಮಾತಿಲ್ಲದೆ ಹಿಂದಕ್ಕೆ ಬರುವುದು. ನೋಡುವವರಿಗೆ ಇದರಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ, ಬೇಕರಿಯವರು ಒಂದು ದಿನ, "ಏನ್ ಸರ್, ಯಾರಿಗಾದ್ರೂ ಕಾಯ್ತಿದೀರಾ?" ಎಂದೂ ಕೇಳಿದರು.

ಮುಳ್ಳುಪಟ್ಟಿ ಹಾಕಿ ಜಗ್ಗಿದರೆ ವಾರದಲ್ಲೇ ಸರಿಹೋಗುತ್ತದೆಂದು ಪಕ್ಕದ ಮನೆಯವರು ಹೇಳಿದ್ದರು. ಮೇಡಂ ಇದಕ್ಕೆ ಖಡಾಖಂಡಿತವಾಗಿ ಒಪ್ಪಲಿಲ್ಲ. ನೋವಿಗೆ ಹೆದರಿ ಗುರುಗುಟ್ಟುವುದನ್ನು ನಿಲ್ಲಿಸಿದ ನಾಯಿ ಮುನ್ಸೂಚನೆಯನ್ನೇ ಕೊಡದೆ ಕಚ್ಚಬಹುದು ಎಂಬ ಅವರ ಮಾತು ನನಗೆ ಸರಿಯೆನಿಸಿತು. ಯಾರು ಬೇಕಾದರೂ ತರಬೇತುದಾರರೆಂದು ಬೋರ್ಡು ಹಾಕಿಕೊಳ್ಳಬಹುದಾದ ನಮ್ಮ ಊರಿನಲ್ಲಿ, ಕೈಯಲ್ಲಿ ಏನು ಹಿಡಿದು ಬರುತ್ತಾರೆ ಎಂಬುದನ್ನು ನೋಡಿಯೇ ಆರಿಸಿಕೊಳ್ಳುವುದು ಮೇಲು.

ಮಳೆಗಾಲ ಕಳೆಯುವ ಹೊತ್ತಿಗೆ ಚುಕ್ಕಿ ಬೇಕರಿಯ ಎದುರಿನ ಫುಟ್‌ಪಾತಿನಲ್ಲಿ, ಆಗಾಗ ನನ್ನ ಮುಖ ನೋಡುತ್ತ, ಹಾದುಹೋಗತೊಡಗಿದಳು. ಹುರುಪಿನಲ್ಲಿ ನಾನು, ಬೆಲ್ಟ್ ಬಿಚ್ಚಿಬಿಟ್ಟರೂ ಕರೆದಾಗ ಬರುವಂತೆ ಕಲಿಸಲು ಇನ್ನೊಂದಷ್ಟು ಪಾಠ ಇಟ್ಟುಕೊಳ್ಳೋಣವೇ ಎಂದು ಕೇಳಿದೆ. "ಆ ಮಾತು ಕೊಟ್ಟು ನಿಮ್ಮಿಂದ ಫೀಸು ತಗೊಳ್ಳೋಕೆ ನನಗೆ ಮನಸ್ಸಿಲ್ಲ ಸರ್. ಇವಳು ಕಣ್ಣಿಂದ ಬೇಟೆ ಹಿಡಿಯೋ ತಳಿ. ಬೆಕ್ಕೊಂದು ಓಡಿದರೆ ನಿಮ್ಮ ಕೂಗು ಅವಳ ಕಿವಿಗೇ ಬೀಳಲ್ಲ, ರಸ್ತೇಲಿ ಬಸ್ಸು ಬರ್ತಿರುತ್ತೆ," ಎಂದರು. ಅದರ ಬದಲು ಉದ್ದನೆಯ ಹಗ್ಗ ಕಟ್ಟಿ ಕರೆಯುವ ಅಭ್ಯಾಸವನ್ನು ಉಚಿತವಾಗಿಯೇ ತೋರಿಸಿಕೊಟ್ಟರು. ಈಗ ಭಾನುವಾರಗಳಂದು ದೊಡ್ಡಬಳ್ಳಾಪುರದ ಕಡೆ ಸ್ನೇಹಿತರೊಬ್ಬರ ತೋಟಕ್ಕೆ ಕರೆದೊಯ್ಯುತ್ತೇವೆ. ಸುತ್ತಲಿನ ತಂತಿಬೇಲಿಯಲ್ಲಿ ಎಲ್ಲಾದರೂ ಕಿಂಡಿ ಬಿದ್ದಿದೆಯೇ ಎಂದು ಒಂದು ಸುತ್ತು ನೋಡಿ ಬಂದ ಮೇಲೆಯೇ ಬೆಲ್ಟ್ ಬಿಚ್ಚುವುದು.