ಮೈಮುರಿದು ದುಡಿಯುವವರಿಗೂ ಶುಗರ್ ಏಕೆ ಬರುತ್ತದೆ?

ಬೆಂಗಳೂರಿನ ಕೊಳೆಗೇರಿಗಳಲ್ಲಿ ಸಮುದಾಯ ಆರೋಗ್ಯದ ಕೆಲಸ ಮಾಡುವವಳು ನಾನು ಎಂದು ತಿಳಿದ ಕೂಡಲೇ, ಮದುವೆಮನೆಯ ಪಂಕ್ತಿಯಲ್ಲಾಗಲಿ ರೈಲಿನಲ್ಲಾಗಲಿ, ಪಕ್ಕದಲ್ಲಿ ಕೂತವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಶುಗರ್, ಬಿಪಿ ಎಲ್ಲ ಕೂತು ತಿನ್ನುವವರ ಕಾಯಿಲೆಯಲ್ಲವೇ? ಮೈಮುರಿದು ದುಡಿಯುವ ಬಡವರಿಗೆ ಯಾಕೆ ಬರುತ್ತದೆ?" ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ: "ಪಾಪ, ತಿಳಿವಳಿಕೆ ಕಡಿಮೆ." ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನಾನು ಕಂಡಂತೆ ಬಡವರಿಗೆ ಇಲ್ಲದಿರುವುದು ತಮ್ಮ ದಿನದ ಮೇಲಿನ ಹಿಡಿತ. ಎಷ್ಟು ಹೊತ್ತಿಗೆ ಏಳಬೇಕು, ಯಾವಾಗ ಉಣ್ಣಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂಬುದನ್ನೆಲ್ಲ ಬೇರೆ ಯಾರೋ ನಿರ್ಧರಿಸುತ್ತಾರೆ.

ಮೊದಲು ಪ್ರಶ್ನೆಯೊಳಗಿನ ನಂಬಿಕೆಯನ್ನೇ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಮಧುಮೇಹವಿದೆ. ನಗರಗಳಲ್ಲಿ ಈ ಪ್ರಮಾಣ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಅದೇ ಸಮೀಕ್ಷೆಯ ಹಿಂದಿನ ಹಂತದ ವರದಿ 2017ರಲ್ಲಿ ಬಂದಾಗ ಇನ್ನೂ ಮುಖ್ಯವಾದ ಒಂದು ಸಂಗತಿ ಹೊರಬಿದ್ದಿತ್ತು. ತಮಿಳುನಾಡು, ಮಹಾರಾಷ್ಟ್ರದಂತಹ ಮುಂದುವರಿದ ರಾಜ್ಯಗಳ ನಗರಗಳಲ್ಲಿ ಮಧುಮೇಹ ಆಗಲೇ ಉಳ್ಳವರಿಗಿಂತ ಇಲ್ಲದವರಲ್ಲಿ ಹೆಚ್ಚಾಗಿತ್ತು. ಹಾಗಾಗಿ ಇದನ್ನು ಶ್ರೀಮಂತರ ಕಾಯಿಲೆ ಎನ್ನುವುದು ಹಳೆಯ ಮಾತಾಯಿತು.

"ಮೈಮುರಿದು ದುಡಿಯುವ" ಎಂಬ ಮಾತೂ ಅರ್ಧ ಮಾತ್ರ ನಿಜ. ನಗರದ ಬಡವರಲ್ಲಿ ಅನೇಕರು ಕೂತೇ ದುಡಿಯುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ ಬಗ್ಗಿದ ಟೈಲರ್ ಊಟದ ಬೆಲ್ ಆಗುವವರೆಗೆ ಏಳುವಂತಿಲ್ಲ. ಆಟೋ ಓಡಿಸುವವರು ಹಗಲೆಲ್ಲ ವಾಹನಗಳ ಹೊಗೆ ಕುಡಿಯುತ್ತ ಸೀಟಿಗೆ ಅಂಟಿರುತ್ತಾರೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಗಾರ್ಡ್ ಹನ್ನೆರಡು ಗಂಟೆಯ ಪಾಳಿಯನ್ನು, ಅದೂ ಹಲವೊಮ್ಮೆ ರಾತ್ರಿಯದನ್ನು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಳೆಯುತ್ತಾರೆ. ರಾತ್ರಿ ಪಾಳಿಗೂ ಮಧುಮೇಹಕ್ಕೂ ನಂಟಿದೆ ಎಂಬುದು ವೈದ್ಯಲೋಕ ಬಹುಕಾಲದಿಂದ ಬಲ್ಲ ವಿಷಯ.

ಇನ್ನು ನಿಜವಾಗಿಯೂ ಮೈಮುರಿದು ದುಡಿಯುವವರ ದಿನ ಹೇಗಿರುತ್ತದೆ ಎನ್ನುವುದಕ್ಕೆ ಪೌರಕಾರ್ಮಿಕ ಮಹಿಳೆಯೊಬ್ಬರನ್ನು ನೋಡಿ. ಬೆಳಗ್ಗೆ ಆರೂವರೆಯ ಹೊತ್ತಿಗೆ ಮಸ್ಟರಿಂಗ್‌ನಲ್ಲಿ ಹಾಜರಿ ಬೀಳಬೇಕಾದರೆ ನಾಲ್ಕಕ್ಕೇ ಎದ್ದು ನೀರು ಹಿಡಿದು, ಮಕ್ಕಳ ಬುತ್ತಿ ಮುಗಿಸಬೇಕು. ಟ್ಯಾಂಕರ್ ನಡುರಾತ್ರಿ ಬರುವ ಬಡಾವಣೆಯಾದರೆ ಆ ನಿದ್ದೆಗೂ ಕತ್ತರಿ. ಕಸ ಗುಡಿಸುವ ರಸ್ತೆಯಲ್ಲಿ ಶೌಚಾಲಯವಿಲ್ಲದ ಕಾರಣ ಅನೇಕರು ಬೇಕೆಂದೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಸಕ್ಕರೆ ಹೆಚ್ಚಾದುದರ ಲಕ್ಷಣ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಅದನ್ನೇ ಹೆಚ್ಚಿಸುತ್ತವೆ. ಹಾಗಾಗಿ ಕೆಲಸದ ದಿನ ಆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಶುಗರ್ ಮಾತ್ರೆಯದು ಇನ್ನೊಂದು ಕಥೆ. ಕೆಲವು ಮಾತ್ರೆಗಳನ್ನು ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈನಡುಕ ಬಂದು ತಲೆ ಸುತ್ತುತ್ತದೆ. ತಿಂಡಿ ಎಷ್ಟು ಹೊತ್ತಿಗೆ ಸಿಗುತ್ತದೆಂದು ಗೊತ್ತಿಲ್ಲದ ಆಕೆ ಮಾತ್ರೆಯನ್ನೇ ಬಿಡುವುದು ಜಾಣತನವೇ ಹೊರತು ಅಜ್ಞಾನವಲ್ಲ. "ನಡುರಸ್ತೆಯಲ್ಲಿ ಬಿದ್ದರೆ ಯಾರು ಎತ್ತುತ್ತಾರೆ ಮೇಡಂ?" ಎಂದು ಕೇಳಿದವರಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಇವರನ್ನು "ಮಾತ್ರೆ ಸರಿಯಾಗಿ ತೆಗೆದುಕೊಳ್ಳದ ರೋಗಿ" ಎನ್ನುತ್ತಾರೆ, ಮೇಲೆ ವಾಕಿಂಗ್ ಮಾಡಿ ಎಂಬ ಸಲಹೆಯನ್ನೂ ಕೊಡುತ್ತಾರೆ. ಬೆಳಗಿನಿಂದ ಗಾಡಿ ತಳ್ಳಿ ಬಂದವರಿಗೆ ಹೇಳುವ ಮಾತೇ ಇದು!

ಊಟದ ವಿಚಾರಕ್ಕೆ ಬಂದರೆ, ಸಿಹಿ ತಿನ್ನಬಾರದು, ಅನ್ನ ಕಡಿಮೆ ಮಾಡಬೇಕು ಎಂಬುದು ಗೊತ್ತಿಲ್ಲದ ಶುಗರ್ ರೋಗಿಯನ್ನು ನಾನು ಕಂಡಿದ್ದು ಬಹಳ ಕಡಿಮೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ತಗ್ಗಿಸಿತು. ಅದನ್ನು ಹಳಿಯುವವರ ಜೊತೆ ನಾನು ಸೇರುವುದಿಲ್ಲ. ಆದರೆ ಕೆಲವು ಜಿಲ್ಲೆಗಳಲ್ಲಿ ರಾಗಿ, ಜೋಳ ಸಿಕ್ಕರೂ ಪಡಿತರ ಚೀಲದ ದೊಡ್ಡ ಪಾಲು ಅಕ್ಕಿಯೇ. ತರಕಾರಿ, ಮೊಟ್ಟೆಗೆ ಕೈಯಿಂದ ದುಡ್ಡು ಹಾಕಬೇಕು. ಮನೆಗೆಲ್ಲ ಒಂದೇ ಒಲೆ, ಒಂದೇ ಪಾತ್ರೆ ಇರುವಲ್ಲಿ ಅಮ್ಮನಿಗೆಂದು ಬೇರೆ ಪಥ್ಯದ ಅಡುಗೆ ನಡೆಯುವುದಿಲ್ಲ. ಅಮ್ಮ ಉಳಿದ ಅನ್ನಕ್ಕೆ ಸಾರು ಹಾಕಿಕೊಂಡು ಉಣ್ಣುತ್ತಾಳೆ, ನಡುವೆ ಹಸಿವಾದರೆ ಬನ್ನು ಮತ್ತು ಸಕ್ಕರೆ ಹಾಕಿದ ಟೀ. ಅಷ್ಟು ಕಡಿಮೆ ದುಡ್ಡಿನಲ್ಲಿ ಹೊಟ್ಟೆ ಸುಮ್ಮನಾಗಿಸುವ ಬೇರೆ ಪದಾರ್ಥ ಬೀದಿಯಲ್ಲಿ ಸಿಗುವುದಿಲ್ಲ.

ಔಷಧಿಯ ಖರ್ಚು ಹೇಗೆ ನಡೆಯುತ್ತದೆ ಎಂಬುದು ಕೊಳೆಗೇರಿಯ ಪಕ್ಕದ ಮೆಡಿಕಲ್ ಸ್ಟೋರ್‌ನಲ್ಲಿ ಸಂಜೆ ನಿಂತರೆ ತಿಳಿಯುತ್ತದೆ. "ನಾಲ್ಕು ಕೊಡಿ" ಎಂದರೆ ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ನಾಲ್ಕೇ ಮಾತ್ರೆ ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಎಷ್ಟೋ ಸಲ ಔಷಧಿಯ ಹೆಸರೂ ಇರುವುದಿಲ್ಲ, ಅವಧಿ ಮುಗಿಯುವ ತಾರೀಖೂ ಇರುವುದಿಲ್ಲ. ಫ್ರಿಜ್ ಇಲ್ಲದ ಮನೆಗಳಲ್ಲಿ ಇನ್ಸುಲಿನ್ ಬಾಟಲಿಯನ್ನು ನೀರಿನ ಮಡಕೆಯ ಪಕ್ಕ ತಂಪಿಗೆ ಇಡುತ್ತಾರೆ. ಸರ್ಕಾರಿ ಕ್ಲಿನಿಕ್‌ನಲ್ಲಿ ಮಾತ್ರೆ ಉಚಿತ, ನಿಜ. ಆದರೆ ಬಹುತೇಕ ಕ್ಲಿನಿಕ್‌ಗಳು ತೆರೆದಿರುವುದು ಗಾರ್ಮೆಂಟ್ಸ್ ನಡೆಯುವ ಹೊತ್ತಿನಲ್ಲೇ. ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಅಷ್ಟೆಲ್ಲ ಕಳೆದುಕೊಂಡು ಹೋದ ದಿನ ಸ್ಟಾಕ್ ಇಲ್ಲವೆಂದರೆ ಆಕೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಬೆಂಗಳೂರಿನ ಕಾಡುಗೊಂಡನಹಳ್ಳಿಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯವರು ಮನೆಮನೆಗೆ ಹೋಗಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಕಾಯಿಲೆಯಿದ್ದ ಕುಟುಂಬಗಳಲ್ಲಿ ನೂರಕ್ಕೆ ಸುಮಾರು 70 ಕುಟುಂಬಗಳು ಹೊರರೋಗಿ ಚಿಕಿತ್ಸೆಗೆ ಕೈಯಿಂದ ಹಣ ಹಾಕುತ್ತಿದ್ದವು. ನೂರಕ್ಕೆ 16 ಕುಟುಂಬಗಳಲ್ಲಿ ಈ ಖರ್ಚು ಆದಾಯದ ಹತ್ತನೇ ಒಂದು ಭಾಗವನ್ನೂ ದಾಟಿತ್ತು. ಬಡತನದಿಂದ ಬಂದ ಕಾಯಿಲೆ ಮತ್ತೆ ಬಡತನವನ್ನೇ ಹೆಚ್ಚಿಸುವುದು ಹೀಗೆ.

ಇಂತಹ ದೀರ್ಘಕಾಲದ ಕಾಯಿಲೆಗಳ ಬೇರು ಹುಟ್ಟಿನವರೆಗೂ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟ ದಾಖಲೆಗಳಿದ್ದವು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿರುವುದು ಕಂಡುಬಂತು. 1996ರಲ್ಲಿ ಅದು ಪ್ರಕಟವಾಯಿತು. ಬಸುರಿಯಾಗಿದ್ದಾಗ ತಾಯಿ ಅರೆಹೊಟ್ಟೆ ಉಂಡುದರ ಸಾಲವನ್ನು ಮಗ ಐವತ್ತನೇ ವಯಸ್ಸಿನಲ್ಲಿ ತೀರಿಸುತ್ತಾನೆ ಎಂದರೆ, ಅದರಲ್ಲಿ ಅವನ ಅಭ್ಯಾಸದ ತಪ್ಪನ್ನು ಎಲ್ಲಿ ಹುಡುಕುವುದು?

ಬೀಡಿ, ಹೊಗೆಸೊಪ್ಪು, ಕುಡಿತ ಇಲ್ಲವೇ ಎಂದರೆ ಇವೆ, ಹಾನಿಯನ್ನೂ ಮಾಡುತ್ತವೆ. ಕೊಳೆತ ಕಸದ ವಾಸನೆ ತಡೆಯಲು ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ದವಡೆಗೆ ಇಟ್ಟುಕೊಳ್ಳುವವರಿಗೆ ಬಿಡಿ ಎನ್ನುವ ಮೊದಲು ಆ ವಾಸನೆಗೆ ಏನು ಮಾಡುತ್ತೇವೆಂದು ಹೇಳಬೇಕಾಗುತ್ತದೆ.

"ಹಾಗಾದರೆ ಸರ್ಕಾರ ಏನೂ ಮಾಡುತ್ತಿಲ್ಲವೇ?" ಎಂಬುದು ಕೊನೆಗೆ ಬರುವ ಪ್ರಶ್ನೆ. ಮಾಡುತ್ತಿದೆ, ಆದರೆ ಹೆಚ್ಚಿನ ಹಣ ತಡವಾಗಿ ಬರುತ್ತದೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ. ಕಿಡ್ನಿ ಕೆಟ್ಟ ಮೇಲೆ ಡಯಾಲಿಸಿಸ್‌ಗೆ ನೆರವಿದೆ, ಕಿಡ್ನಿ ಕೆಡದಂತೆ ಕಾಯುವ ದಿನನಿತ್ಯದ ಮಾತ್ರೆಯನ್ನು ಹೊರಗಿನ ಅಂಗಡಿಯಲ್ಲಿ ಕೊಂಡರೆ ಈ ಯೋಜನೆಯ ಕಾರ್ಡಿನಿಂದ ಪ್ರಯೋಜನವಿಲ್ಲ. ನನ್ನನ್ನು ಕೇಳಿದರೆ ಕ್ಲಿನಿಕ್ ರಾತ್ರಿ ಎಂಟರವರೆಗೆ ತೆರೆದಿರಬೇಕು, ಒಂದು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಬೇಕು, ಪಡಿತರದಲ್ಲಿ ಬೇಳೆ ತಪ್ಪದೆ ಸಿಗಬೇಕು, ಪೌರಕಾರ್ಮಿಕರು ಗುಡಿಸುವ ಪ್ರತಿ ಬೀಟ್‌ನಲ್ಲೂ ಅವರು ಬಳಸಬಹುದಾದ ಶೌಚಾಲಯವಿರಬೇಕು. ಇದರಲ್ಲಿ ಮೊದಲ ಎರಡಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯ ಹೆಸರೂ ಬೇಡ. ಇನ್ನೊಂದು ಪಾಳಿಗೆ ಸಿಬ್ಬಂದಿ ಮತ್ತು ಔಷಧಿ ದಾಸ್ತಾನಿಗೆ ಹಣ ಇದ್ದರೆ ಸಾಕು.